ಕಾರಣ ಕೇಳದ ಮೇಜು

ರೆಮೇಯ್ ಕಾಸಾಡೆವಾಲ್‌ಳ ಅಜ್ಜಿ ತೆಕ್ಲಾ ಬಾರ್ಸಿಲೋನಾದ ಪೊಬ್ಲೆನೋವ್ ಪೇಟೆಯ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವವಳು. ಒಂದು ದಿನ ಮೇಸ್ತ್ರಿ ಒಬ್ಬ ಹೊಸ ಕೆಲಸದವಳ ರಟ್ಟೆ ಹಿಡಿದು ಗೋದಾಮಿನ ಕಡೆಗೆ ಎಳೆದ. ತೆಕ್ಲಾ ಕೂಗಲಿಲ್ಲ, ಅವನ ಮೇಲೆ ಬೀಳಲೂ ಇಲ್ಲ. ಚೂರಿ ತೆಗೆದುಕೊಂಡು ನೇರ ಯಂತ್ರದ ಬಳಿ ಹೋಗಿ ಅದನ್ನು ತಿರುಗಿಸುವ ತೊಗಲು ಪಟ್ಟಿಯನ್ನು ಕೊಯ್ದುಹಾಕಿದಳು. ಒಂದು ಸಾಲಿಗೆ ಸಾಲೇ ನಿಂತುಹೋಯಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬದುಕಿದ್ದ ಮೇಸ್ತ್ರಿ ಆ ನಿಶ್ಶಬ್ದಕ್ಕೆ ಹೆದರಿ ಹುಡುಗಿಯ ಕೈಬಿಟ್ಟನಂತೆ. ತೆಕ್ಲಾ ಕೆಲಸ ಕಳೆದುಕೊಂಡು ಬದುಕಿನುದ್ದಕ್ಕೂ ಕಂಡವರ ಬಟ್ಟೆ ಒಗೆದಳು. ಬೆರಳ ಸಂದು ಒಡೆದು ನೆತ್ತರು ಬರುತ್ತಿದ್ದರೂ ಆ ಪಟ್ಟಿಯ ಸುದ್ದಿ ಬಂದಾಗ ಮೀಸೆ ಇದ್ದಿದ್ದರೆ ತಿರುವುತ್ತಿದ್ದಳು ಎಂದು ಅವಳ ಓಣಿಯವರು ಹೇಳುತ್ತಿದ್ದರು.

ತೆಕ್ಲಾಳ ಮಗಳು ಅಸುಂಪ್ತಾ. ದೇವರು ಅವಳಿಗೆ ಕೊಟ್ಟಿದ್ದು ಗಂಟಲೊಂದೇ. ಹೊರದೇಶದ ಸಿನಿಮಾಗಳ ಹೆಂಗಸರಿಗೆ ನಮ್ಮ ಮಾತಿನಲ್ಲಿ ದನಿ ಕೊಡುವ ಕೆಲಸ ಅವಳದು. ಸರ್ವಾಧಿಕಾರಿಯ ಕಾಲ ಅದು. ತೆರೆಯ ಮೇಲಿನ ಹೆಂಗಸು ಗಂಡನ ಮುಖ ನೋಡಿ, 'ನಿನ್ನನ್ನು ಬಿಟ್ಟು ಹೋಗುತ್ತಿದ್ದೇನೆ' ಎಂದರೆ, ಸರಕಾರದ ಕಚೇರಿಯಿಂದ ತಿದ್ದಿಸಿಕೊಂಡು ಬಂದ ಹಾಳೆಯಲ್ಲಿ, 'ತವರಿಗೆ ಹೋಗುತ್ತೇನೆ, ಭಾನುವಾರಕ್ಕೆ ಬಂದುಬಿಡುತ್ತೇನೆ' ಎಂದಿರುತ್ತಿತ್ತು. ಅಸುಂಪ್ತಾ ಆ ಹೆಂಗಸಿನ ತುಟಿಗೆ ಸರಿಯಾಗಿ ಅದನ್ನೇ ಕೂರಿಸುತ್ತಿದ್ದಳು. ಸಿನಿಮಾ ಮುಗಿಯುವ ತನಕ ಆ ಹೆಂಗಸು ಯಾಕೆ ವಾಪಸು ಬರಲಿಲ್ಲ ಎಂದು ಪ್ರೇಕ್ಷಕರು ತಲೆ ಕೆರೆದುಕೊಳ್ಳುತ್ತಿದ್ದರು. ಬಾರ್ಸಿಲೋನಾದ ಅರ್ಧ ಊರು ಅವಳ ದನಿ ಕೇಳಿ ಬೆಳೆದಿದೆ. ಆದರೆ ಅವಳ ಸ್ವಂತ ಮಾತು ಕೇಳಿದವರು ಮನೆಯ ಮೂವರು ಮಾತ್ರ. ಟ್ರಾಮ್ ಓಡಿಸುವ ಅವಳ ಗಂಡ ನಾರ್ಸಿಸ್, ಸಂಜೆ ಮನೆಗೆ ಬಂದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುವವನು. ಅವನೆದುರು ಅವಳೂ ಹೆಚ್ಚು ಆಡಿದವಳಲ್ಲ.

ಇಂಥ ಅಜ್ಜಿಯ ಮೊಮ್ಮಗಳು, ಇಂಥ ತಾಯಿಯ ಮಗಳು ರೆಮೇಯ್. ಅವಳು ಮಾಡಿದ್ದು ಬೆತ್ತಲೆ ಸಿನಿಮಾ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ವಯಸ್ಸಿಗೆ ಬಂದವರು, ಮದುವೆಯಾದವರು, ಆಗದವರು ಬಾಗಿಲು ಹಾಕಿಕೊಂಡು ನೋಡುವ ಸಿನಿಮಾ. ನಾನು ಮೊದಲ ದಿನದಿಂದ ಅದಕ್ಕೆ ದೀಪ ಹಿಡಿದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬೆಳಕು ಚರ್ಮದ ಮೇಲೆ ಹೇಗೆ ಕೂರುತ್ತದೆ ಎನ್ನುವುದನ್ನು ಯಾವ ಪುಸ್ತಕವೂ ನನಗೆ ಕಲಿಸಬೇಕಾಗಲಿಲ್ಲ.

ರೆಮೇಯ್ ಹರೆಯದಲ್ಲಿ ಇನ್ನೊಂದು ಬಗೆಯ ಬೆತ್ತಲೆ ಸಿನಿಮಾದವರ ಬಳಿ ಕೆಲಸಕ್ಕಿದ್ದಳು. ಊರಾಚೆ ಬಾಡಿಗೆ ಬಂಗಲೆ, ನಿರ್ದೇಶಕ ಒಬ್ಬ ಬೊಜ್ಜಿನ ಗಂಡಸು. ಅಲ್ಲಿ ಒಬ್ಬಳು ನಟಿ ಚಿತ್ರೀಕರಣದ ನಡುವೆ, 'ಇಷ್ಟು ಸಾಕು' ಎಂದಳು. 'ಇನ್ನೊಂದು ನಿಮಿಷ ಚಿನ್ನಾ' ಎಂದ ಅವನು. ಆ ಒಂದು ನಿಮಿಷ ರೆಮೇಯ್‌ಳ ಎದೆಯೊಳಗೆ ಮುಳ್ಳಾಗಿ ಉಳಿಯಿತು. ಮುಂದೆ ಆ ನಟಿ ಎಷ್ಟು ಬಾಗಿಲು ಬಡಿದರೂ, ಎಷ್ಟು ಕಾಲು ಹಿಡಿದರೂ ಆ ಸಿನಿಮಾ ಹಿಂದಕ್ಕೆ ಬರಲಿಲ್ಲ. ಬಾಣ ಬಿಟ್ಟ ಮೇಲೆ ಬಿಲ್ಲನ್ನು ಬೇಡಿ ಏನು ಬಂತು?

ರೆಮೇಯ್ ಅಲ್ಲಿಂದ ಹೊರಬಿದ್ದು ಸಂಕಲನಗಾರ್ತಿ ಮಾಗ್ದಾಳನ್ನೂ ನನ್ನನ್ನೂ ಜೊತೆ ಮಾಡಿಕೊಂಡು, ಅಜ್ಜಿ ದುಡಿದ ಅದೇ ಗಿರಣಿಯ ಪಾಳು ಗೋದಾಮಿನಲ್ಲಿ ಒಂದು ಕೂಟ ಕಟ್ಟಿದಳು. ಒಂದು ದೊಡ್ಡ ಮರದ ಮೇಜು ಇತ್ತು. ಅದರಿಂದ ಕೂಟಕ್ಕೇ 'ಮೇಜು' ಎಂದು ಹೆಸರಾಯಿತು.

ನಮ್ಮಲ್ಲಿ ಒಂದು ಪದ್ಧತಿ. ಚಿತ್ರೀಕರಣಕ್ಕೆ ಮೊದಲು ಎಲ್ಲರೂ ಬಟ್ಟೆ ತೊಟ್ಟು ಮೇಜಿನ ಸುತ್ತ ಕೂರಬೇಕು. ಬ್ರೆಡ್ಡಿನ ಮೇಲೆ ಟೊಮೇಟೊ ಉಜ್ಜಿ, ಎಣ್ಣೆ ಸುರಿದು, ಉಪ್ಪು ಹಾಕಿ ತಿನ್ನುತ್ತ ಒಬ್ಬೊಬ್ಬರೂ ತಾವು ಏನು ಮಾಡುವುದಿಲ್ಲ ಎಂದು ಹೇಳಬೇಕು. ಮೊದಲು ಹೇಳಬೇಕಾದವಳು ರೆಮೇಯ್, ಯಾಕೆಂದರೆ ಯಜಮಾನಿ ಮೊದಲು ತನ್ನ ಕೈ ಕಟ್ಟಿಕೊಳ್ಳಬೇಕು. ನನ್ನ ಸರದಿ ಬಂದಾಗ ನಾನು, 'ಕಣ್ಣು ಮುಚ್ಚಿದವರ ಮುಖಕ್ಕೆ ದೀಪ ತಿರುಗಿಸೋಲ್ಲ' ಎನ್ನುತ್ತಿದ್ದೆ. ಆಮೇಲೆ ಕೆಲಸದ ನಡುವೆ ಯಾರು ಬೇಕಾದರೂ 'ಸಾಕು' ಎನ್ನಬಹುದು. ಅಂದರೆ ಕ್ಯಾಮೆರಾ ನಿಲ್ಲಬೇಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕಾರಣ ಕೇಳಿದರೆ ಕಾರಣ ತೂಗಲು ಶುರು ಮಾಡುತ್ತೇವೆ, ತೂಗುವ ತಕ್ಕಡಿ ಯಾವಾಗಲೂ ಯಜಮಾನನ ಕೈಯಲ್ಲೇ ಇರುತ್ತದೆ ಎನ್ನುವುದು ರೆಮೇಯ್‌ಳ ವಾದ.

ಸಿನಿಮಾ ಮುಗಿದ ಮೇಲೂ ಈ 'ಸಾಕು' ನಡೆಯುತ್ತಿತ್ತು. ಮೇಜಿಗೆ ಬಂದು ಕೂತು ಆ ಮಾತು ಹೇಳಿದರೆ ಸಿನಿಮಾವನ್ನು ಎಲ್ಲ ಕಡೆಯಿಂದ ಹಿಂದಕ್ಕೆ ತೆಗೆದು ಅಳಿಸಿಬಿಡಬೇಕು. ಇದಕ್ಕೆ ಅವಧಿ ಹಾಕೋಣ ಎಂದು ಮಾಗ್ದಾ ಮೊದಲ ವರ್ಷವೇ ಜಗಳ ತೆಗೆದಳು.

"ಎರಡು ವರ್ಷ ಇಡು. ಬೇಡ, ಐದು ಇಡು. ಸಿನಿಮಾ ಅಂದ್ರೆ ಮಾಡ್ದೋರ ಬೆವರೂ ಅಲ್ವೇನೇ? ಸಾಯೋತನಕ ಕತ್ತಿ ತೂಗಾಡ್ತಾ ಇರ್ಬೇಕಾ?"

"ಮೈಗೆ ಅವಧಿ ಇದೆಯಾ ಮಾಗ್ದಾ? ಐದು ವರ್ಷ ಆದ್ಮೇಲೆ ಅದು ಅವಳ ಮೈ ಅಲ್ವಾ?"

"ನಿನ್ನ ಹತ್ರ ವಾದ ಮಾಡೋದೂ ಒಂದೇ, ಗೋಡೆಗೆ ಟೊಮೇಟೊ ಉಜ್ಜೋದೂ ಒಂದೇ."

ಅವಧಿ ಇಲ್ಲದೆ ಹಾಗೇ ಉಳಿಯಿತು.

ಈಗ 'ಮಧ್ಯಾಹ್ನದ ಹಿಟ್ಟು' ಎನ್ನುವ ಸಿನಿಮಾದ ಸಂಗತಿಗೆ ಬರುತ್ತೇನೆ. ಒಬ್ಬ ಬೇಕರಿಯವನ ಹೆಂಡತಿಯ ಕಥೆ ಅದು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಒಂದು ಬೇಸಿಗೆಯ ಮಧ್ಯಾಹ್ನ, ಊರೆಲ್ಲ ಮಲಗಿರುವಾಗ, ತನಗೇನು ಇಷ್ಟ ಎಂದು ಮೊದಲ ಸಲ ಬಾಯಿಬಿಟ್ಟು ಹೇಳುತ್ತಾಳೆ. ಅವನು ಕೇಳುತ್ತಾನೆ. ಕಥೆ ಅಷ್ಟೇ. ಬೇರೆಯವರ ಸಿನಿಮಾದಲ್ಲಿ ಹೆಂಗಸನ್ನು ನೋಡುವುದೇ ಕಥೆ. ಇಲ್ಲಿ ಅವಳು ಹೇಳುವುದು, ಅವನು ತಡೆದು ನಿಲ್ಲುವುದು, ಅವಳು 'ಈಗ' ಎಂದ ಮೇಲೆ ಹತ್ತಿರ ಬರುವುದು.

ಹೆಂಡತಿಯಾಗಿ ಇಡೋಯಾ. ಬಾಸ್ಕ್ ನಾಡಿನವಳು, ಮೂವತ್ತು ದಾಟಿದ ಗಟ್ಟಿ ಹೆಂಗಸು, ನಕ್ಕರೆ ಪಾತ್ರೆ ಬಿದ್ದಂತೆ ನಗುವವಳು. ಗಂಡನಾಗಿ ಬ್ಲಾಯ್ ಎಂಬ ಸಾಧು ಮನುಷ್ಯ. ಗ್ರಾಸಿಯಾ ಬಡಾವಣೆಯ ಮುಚ್ಚಿದ ಬೇಕರಿಯೊಂದರಲ್ಲಿ ಕೆಲಸ ಶುರುವಾಯಿತು. ಆದರೆ ಇಡೋಯಾಳ ಬಾಯಲ್ಲಿ ಮಾತು ಹೊರಡಲಿಲ್ಲ. ರೆಮೇಯ್ ಬರೆದುಕೊಟ್ಟ ಮಾತು ಅವಳ ನಾಲಿಗೆಯ ಮೇಲೆ ಹಸಿ ಹಿಟ್ಟಿನಂತೆ ಅಂಟುತ್ತಿತ್ತು.

ಆ ದಿನ ನಮಗೆ ಊಟ ತಂದಿದ್ದವಳು ಅಸುಂಪ್ತಾ. ಎಪ್ಪತ್ತು ದಾಟಿದ ಮುದುಕಿ, ಗಂಡ ಹೋಗಿ ಕೆಲವು ವರ್ಷ ಆಗಿತ್ತು. ಬೇಳೆ ಸಾರಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಹಿಟ್ಟಿನ ಮೂಟೆಯ ಮೇಲೆ ಕೂತಿದ್ದವಳು, ಇದ್ದಕ್ಕಿದ್ದಂತೆ ಹೇಳಿದಳು:

"ಇದನ್ನ ಯಾವ ಹೆಂಗಸೂ ಹಿಂಗೆ ಹೇಳೋಲ್ಲ. ಮೊದ್ಲು ಅವನ ಹೆಸರು ಹಿಡಿದು ಕರೀತಾಳೆ. ಇಪ್ಪತ್ತು ವರ್ಷದಿಂದ ಕರ್ದೇ ಇರೋಲ್ಲ ಅವಳು."

ರೆಮೇಯ್ ನಾಚಿಕೊಂಡಳು. "ಅಮ್ಮಾ, ನೀನು ಊಟ ಇಟ್ಟು ಹೊರಡು."

"ಹೋಗ್ತೀನಿ ಬಿಡೇ. ನಿಂಗೆ ಅಮ್ಮನ ಮುಂದೆ ನಾಚಿಕೆ, ಊರ ಮುಂದೆ ಇಲ್ಲ."

ಇಡೋಯಾ ಆ ಪಾತ್ರೆ ಬೀಳುವ ನಗು ನಕ್ಕಳು. "ಇರಲಿ ಇರು. ಅಜ್ಜೀ, ನೀನೇ ಹೇಳು. ನೀನು ಹೇಳ್ತಾ ಹೋಗು, ನಾನು ಕೇಳಿಸ್ಕೊಂಡು ಮಾಡ್ತೀನಿ."

"ನಂಗೆ ಯಾರೂ ಬರೆದುಕೊಡದ ಮಾತು ಆಡಿ ಗೊತ್ತಿಲ್ಲ ಮಗಳೇ."

"ನಂಗೂ ಬೇರೆಯವರ ಮುಂದೆ ಹಿಂಗೆ ಕೂತು ಗೊತ್ತಿರಲಿಲ್ಲ. ಕಲಿತೆ."

ಮತ್ತೆ ಎಲ್ಲರೂ ಕೂತು ಬ್ರೆಡ್ಡು ಮುರಿದೆವು. ತಾನು ಅವರ ಕಡೆ ತಿರುಗಿ ನೋಡುವುದಿಲ್ಲ ಎಂದಳು ಅಸುಂಪ್ತಾ. ತನ್ನ ದನಿಯನ್ನು ಅಜ್ಜಿಯ ದನಿಯಿಂದ ಬೇರೆ ಮಾಡಬೇಡಿ, ಒಂದೇ ಧ್ವನಿಗ್ರಾಹಕದಲ್ಲಿ ಇಬ್ಬರದೂ ಬೀಳಲಿ ಎಂದಳು ಇಡೋಯಾ. ಮುದುಕಿ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಕೊಂಡು, ಬೆನ್ನು ತಿರುಗಿಸಿ, ಮಡಿಲಲ್ಲಿ ಕೈ ಕಟ್ಟಿ ಕೂತಳು. ನಾನು ಕಿಟಕಿಯ ಬೆಳಕಿಗೆ ಒಂದು ತೆಳು ಬಟ್ಟೆ ಕಟ್ಟಿದೆ.

"ನಾರ್ಸಿಸ್," ಎಂದಳು. ಸತ್ತ ಗಂಡನ ಹೆಸರು. ಬ್ಲಾಯ್ ಬೆಚ್ಚಿಬಿದ್ದು ತಲೆ ಎತ್ತಿದ. ಅದು ಸಿನಿಮಾದಲ್ಲಿ ಹಾಗೇ ಇತ್ತು. "ನಾರ್ಸಿಸ್, ಅವಸರ ಮಾಡ್ಬೇಡ. ಟ್ರಾಮ್ ಹೊರಟು ಹೋಗೋಲ್ಲ ಇವತ್ತು. ಮೊದಲು ನನ್ನ ಕೈ ತೊಳಿ. ಹಿಟ್ಟಾಗಿದೆ. ಬೆರಳು ಬೆರಳು ಬೇರೆ ಮಾಡಿ ತೊಳಿ." ಅವಳು ಹೇಳುತ್ತ ಹೋದಳು. ನಡುನಡುವೆ ಇಡೋಯಾ 'ಹೂಂ' ಎನ್ನುತ್ತಿದ್ದಳು, ಉಸಿರು ಬಿಡುತ್ತಿದ್ದಳು, ಒಂದು ಕಡೆ ನಕ್ಕಳು. ಆ ನಗು ಕೇಳಿ ಮುದುಕಿ ಮಾತು ನಿಲ್ಲಿಸಿ, ಮತ್ತೆ ಆರಂಭಿಸಿದಳು. ಎರಡು ದನಿ ಒಂದೇ ಜಡೆಯ ಎಳೆಗಳಂತೆ ಹೆಣೆದುಕೊಂಡವು. ಕೊನೆಗೆ ಅಸುಂಪ್ತಾ, 'ಇಷ್ಟು ವರ್ಷ ನಾನು ಯಾಕೆ ಹೇಳ್ಲಿಲ್ಲ ಅಂತ ನೀನೂ ಕೇಳ್ಲಿಲ್ಲ ನೋಡು' ಎಂದು ಮುಗಿಸಿದಳು. ರೆಮೇಯ್ ಕ್ಯಾಮೆರಾದ ಹಿಂದೆ ನಿಂತು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು.

ಆ ಸಿನಿಮಾ ಊರೂರು ತಿರುಗಿತು. ಬರ್ಲಿನ್‌ನಲ್ಲಿ ನೋಡಿದರು, ಬ್ಯೂನಸ್ ಐರಿಸ್‌ನಲ್ಲಿ ನೋಡಿದರು. ನಮ್ಮ ಮಾರುಕಟ್ಟೆಯಲ್ಲಿ ಮೀನು ಮಾರುವವಳೊಬ್ಬಳು ಅಸುಂಪ್ತಾಳನ್ನು ಅಡ್ಡಗಟ್ಟಿ, "ನಿನ್ನ ಮಾತನ್ನ ಭಾನುವಾರ ನನ್ನ ಗಂಡನಿಗೆ ಹೇಳಿಬಿಟ್ಟೆ ಕಣಮ್ಮ" ಎಂದಳು.

"ಏನಂದ?"

"ಏನೂ ಅನ್ಲಿಲ್ಲ. ಎದ್ದು ಟಿವಿ ಆರಿಸಿದ."

"ಅಷ್ಟು ಮಾಡಿದ್ನಾ! ಭಾಗ್ಯವಂತೆ ನೀನು."

ಮುಂದೆ ಎರಡು ಚಳಿಗಾಲ ಕಳೆಯುವುದರೊಳಗೆ ಅಸುಂಪ್ತಾ ತೀರಿಕೊಂಡಳು. ಅವಳ ದನಿ ಹಳೆಯ ಸಿನಿಮಾಗಳಲ್ಲಿ ಮೂಟೆಗಟ್ಟಲೆ ಇದೆ. ಟಿವಿ ಹಾಕಿದರೆ ಇವತ್ತಿಗೂ ಎಲ್ಲೋ ಒಂದು ಕಡೆ ಅವಳು ಭಾನುವಾರಕ್ಕೆ ವಾಪಸು ಬರುತ್ತೇನೆ ಎನ್ನುತ್ತಿರುತ್ತಾಳೆ. ಅವಳ ಸ್ವಂತ ಮಾತು ಇದ್ದದ್ದು ಮಾತ್ರ ಈ ಒಂದರಲ್ಲಿ. ಭಾನುವಾರ ಮಧ್ಯಾಹ್ನ ರೆಮೇಯ್ ಚಿತ್ರ ಕಾಣದಂತೆ ತೆರೆಗೆ ಒಂದು ಬಟ್ಟೆ ಹೊದಿಸಿ, ದನಿ ಮಾತ್ರ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂರುವುದನ್ನು ನಾನು ಕಂಡಿದ್ದೇನೆ. ಮದುವೆ ಆಗಲಿಲ್ಲ, ಮಕ್ಕಳಿಲ್ಲ. ಅವಳ ಮನೆಯಲ್ಲಿ ಇನ್ನೊಬ್ಬರ ಸದ್ದು ಎಂದರೆ ಅದೊಂದೇ.

ಹೀಗೆ ಹದಿನಾರು ವರ್ಷ ನಡೆಯಿತು.

ಸತ್ತವರ ಹಬ್ಬದ ಮಾರನೆಯ ದಿನ ಇಡೋಯಾ ಗೋದಾಮಿಗೆ ಬಂದಳು. ಕೈಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಯ ಪೊಟ್ಟಣ. ಐವತ್ತರ ಹೆಂಗಸಾಗಿದ್ದಳು, ಮೈ ತುಂಬಿತ್ತು, ಕೂದಲು ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನೇ ಇದು, ತಲೆ ಮೇಲೆ ಹಿಟ್ಟು ಸುರ್ಕೊಂಡಿದೀಯ?" ಎಂದೆ.

"ನಿನ್ನ ಹಲ್ಲೆಲ್ಲ ಎಲ್ಲಿಗೆ ಹೋದ್ವು ದೀಪದಯ್ಯ? ಬಲ್ಬು ಕಳಚಿದ ಹಾಗೆ ಕಳಚಿಟ್ಟಿದೀಯಾ?"

ನಕ್ಕೆವು. ರೆಮೇಯ್ ಅವಳನ್ನು ತಬ್ಬಿಕೊಂಡು ಕಾಫಿಗೆ ನೀರಿಟ್ಟಳು. ಇಡೋಯಾ ಮಾತಾಡುತ್ತಲೇ ಮೇಜಿನ ಮೇಲಿದ್ದ ಬ್ರೆಡ್ಡನ್ನು ಹತ್ತಿರಕ್ಕೆಳೆದುಕೊಂಡು, ಟೊಮೇಟೊ ಕೊಯ್ದು ಉಜ್ಜತೊಡಗಿದಳು. ಅದನ್ನು ಕಂಡು ರೆಮೇಯ್ ಒಲೆ ಆರಿಸಿದಳು. ನಮ್ಮ ಮೇಜಿನಲ್ಲಿ ಕೂತು ಸುಮ್ಮನೆ ಟೊಮೇಟೊ ಉಜ್ಜುವವರು ಯಾರೂ ಇಲ್ಲ.

"ರೆಮೇಯ್," ಎಂದಳು ಇಡೋಯಾ, ತಲೆ ಎತ್ತದೆ. "ಸಾಕು."

"ಯಾವುದು?"

"ಮಧ್ಯಾಹ್ನದ ಹಿಟ್ಟು."

ರೆಮೇಯ್ ಬಂದು ಎದುರು ಕೂತಳು. ಮುಖ ಸುಣ್ಣ ಬಳಿದ ಗೋಡೆ ಆಗಿತ್ತು. "ಆಯ್ತು," ಎಂದಳು.

"ನಿಂಗೆ ಹೇಳ್ಬೇಕು ನಾನು. ಏನಾಯ್ತು ಅಂದ್ರೆ..."

ರೆಮೇಯ್ ಅಂಗೈ ಎತ್ತಿದಳು. "ಕಾರಣ ಬೇಡ ಕಣೆ. ಈ ಮೇಜಿನ ಮೇಲೆ ಕಾರಣ ಇಡೋ ಹಾಗಿಲ್ಲ."

"ಅಲ್ಲ, ನಾನೇ ಹೇಳ್ತೀನಿ ಅಂದ್ರೂ?"

"ಹೇಳಿದ್ರೆ ನಾನು ಯೋಚ್ನೆ ಮಾಡ್ತೀನಿ. ಇದು ಸಾಕಷ್ಟು ದೊಡ್ಡ ಕಾರಣವಾ ಅಂತ ಮನಸ್ಸು ಅಳೀತದೆ. ಅಳೆಯೋದು ಬೇಡ."

ಇಡೋಯಾ ಬಾಯಿ ತೆರೆದವಳು ಹಾಗೇ ಇದ್ದಳು. ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ. ಅವಳು ಹೇಳಲಿಕ್ಕೆ ಎಂದೇ ಬಂದಿದ್ದಳು. ಹೇಳಿದ್ದರೆ ಎದೆ ಹಗುರಾಗುತ್ತಿತ್ತೋ, ಅಥವಾ ಹೇಳುತ್ತ ಹೇಳುತ್ತ ಅವಳೇ ಬೇರೊಂದು ದಾರಿ ಕಂಡುಕೊಳ್ಳುತ್ತಿದ್ದಳೋ, ಯಾರು ಬಲ್ಲರು. ಯಾರ ಬಾಯನ್ನೂ ಯಾರೂ ಮುಚ್ಚಿಸಬಾರದು ಎಂದು ಕಟ್ಟಿದ ಮೇಜಿನಲ್ಲಿ ಆ ದಿನ ಒಬ್ಬಳ ಬಾಯಿ ಮುಚ್ಚಿತು. ಮುಚ್ಚಿಸಿದ್ದು ಮರ್ಯಾದೆಯೇ ಆಗಿತ್ತು.

"ಅಜ್ಜಿಯ ದನಿ..." ಎಂದಳು ಇಡೋಯಾ ಕೊನೆಗೆ.

"ಅದು ನಿನ್ನ ತಲೆ ಮೇಲಿನ ಹೊರೆ ಅಲ್ಲ. ತಿನ್ನು."

ಇಡೋಯಾ ತಿನ್ನಲಿಲ್ಲ. ಉಜ್ಜಿದ ಬ್ರೆಡ್ಡು ಹಾಗೇ ಬಿಟ್ಟು, ನನ್ನ ಭುಜ ಮುಟ್ಟಿ ಹೊರಟುಹೋದಳು. ಅವಳು ಓಣಿಯ ತಿರುವು ದಾಟುವ ತನಕ ರೆಮೇಯ್ ಬಾಗಿಲಲ್ಲಿ ನಿಂತಿದ್ದಳು. ಕೂಗಿ ಕರೆಯಲಿಲ್ಲ.

ಮರುದಿನದಿಂದ ರೆಮೇಯ್ ಸಿನಿಮಾವನ್ನು ಹಿಂದಕ್ಕೆ ಕರೆಯತೊಡಗಿದಳು. ಕೊಟ್ಟ ಮಗಳನ್ನು ಒಂದೊಂದು ಮನೆಯಿಂದ ವಾಪಸು ಕರೆತಂದ ಹಾಗೆ. ಎಲ್ಲೆಲ್ಲಿ ಪ್ರತಿ ಇತ್ತೋ ಅಲ್ಲಿಗೆಲ್ಲ ಫೋನು ಮಾಡಿದಳು. ಕೆಲವರು ಬೈದರು. ಒಂದು ಪುಟ್ಟ ಚಿತ್ರಮಂದಿರದ ಮುದುಕ ಅತ್ತನಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಉಳಿದದ್ದು ರೆಮೇಯ್‌ಳ ಮನೆಯ ಕಪಾಟಿನ ಮೂಲ ಟೇಪು ಒಂದೇ. ಅದನ್ನು ಶನಿವಾರ ಬೆಳಿಗ್ಗೆ ನಾಶ ಮಾಡುತ್ತೇನೆಂದು ಹೇಳಿ ಕಳಿಸಿದಳು. ಅಷ್ಟು ದಿನವೂ ಅವಳು ಅದನ್ನು ಹಾಕಿ ಕೇಳಲಿಲ್ಲ. ಭಾನುವಾರಗಳಲ್ಲಿ ಅವರೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಸಿಪ್ಪೆ ಮುರಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ.

ಶನಿವಾರ ಮಾಗ್ದಾ ನನ್ನನ್ನು ಎಳೆದುಕೊಂಡೇ ಹೋದಳು. ರೆಮೇಯ್ ಅಡುಗೆಮನೆಯಲ್ಲಿದ್ದಳು. ಟೇಪು ಮುಂದೆ ಇತ್ತು, ಪಕ್ಕದಲ್ಲಿ ಮಾಂಸ ಜಜ್ಜುವ ಮರದ ಸುತ್ತಿಗೆ.

ಮಾಗ್ದಾ ಕೋಟು ಬಿಚ್ಚದೆಯೇ ಶುರು ಮಾಡಿದಳು. "ನಾನು ಇಡೋಯಾಳ ಹತ್ರ ಹೋಗ್ತೀನಿ. ನೀನು ಬರ್ಬೇಡ, ನಿನ್ನ ಹೆಸರೂ ಎತ್ತೋಲ್ಲ. ಆವತ್ತು ಅವಳು ಏನೋ ಹೇಳೋಕೆ ಬಂದಿದ್ಲಂತೆ. ಕೇಳಿಸ್ಕೊಂಡು ಬರ್ತೀನಿ, ಅಷ್ಟೇ."

"ನೀನು ಅವಳ ಮನೆ ಬಾಗಿಲು ತಟ್ಟಿದ್ರೆ, ಅದು ನಾನೇ ತಟ್ಟಿದ ಹಾಗೆ. ಅಮ್ಮನ್ನ ಕಳ್ಕೊಂಡ ಮುದುಕಿ ಅಳ್ತಿದಾಳೆ ಅಂತ ಅವಳು 'ಹೂಂ' ಅಂದ್ರೆ, ಅದು ಎಂಥ 'ಹೂಂ'?"

"ಅಳ್ತಿದೀಯಲ್ಲ ಮತ್ತೆ!"

"ಅಳ್ತಿದೀನಿ. ಅವಳಿಗೆ ಯಾಕೆ ಗೊತ್ತಾಗ್ಬೇಕು?"

ಮಾಗ್ದಾ ನನ್ನ ಕಡೆ ತಿರುಗಿದಳು. "ಹೇಳಯ್ಯ ನೀನಾದ್ರೂ."

ನಾನು ಬಾಗಿಲಲ್ಲೇ ನಿಂತೆ. ಒಂದು ಹೆಜ್ಜೆ ಮುಂದಿಟ್ಟರೆ ಇಡೋಯಾಳನ್ನು ತುಳಿಯಬೇಕು, ಒಂದು ಹೆಜ್ಜೆ ಹಿಂದಿಟ್ಟರೆ ಅಸುಂಪ್ತಾಳನ್ನು.

ಮಾಗ್ದಾ ಕುರ್ಚಿ ಎಳೆದು ಕೂತಳು. ದನಿ ತಗ್ಗಿಸಿದಳು. "ಸರಿ. ಚಿತ್ರ ಹೋಗ್ಲಿ. ಅಳಿಸಿಬಿಡೋಣ, ನಾನೇ ಅಳಿಸ್ತೀನಿ. ದನಿ ಮಾತ್ರ ನಂಗೆ ಒಂದು ದಿನ ಕೊಡು. ಈಗ ಯಂತ್ರಗಳು ಬಂದಿವೆ ರೆಮೇಯ್, ಹೆಣೆದ ಎರಡು ದನಿಯನ್ನ ಹೇನು ಹೆಕ್ಕಿದ ಹಾಗೆ ಬೇರೆ ಮಾಡ್ತವೆ. ಇಡೋಯಾಳ ಒಂದು ಉಸಿರೂ ಉಳಿಯದ ಹಾಗೆ ತೆಗೀತೀನಿ. ಅಮ್ಮ ಒಬ್ಬಳೇ ಉಳೀತಾಳೆ. ಅಮ್ಮನ ಮಾತು ಅಮ್ಮಂದು ತಾನೆ? ಇದಕ್ಕೂ ಬೇಡ ಅಂದ್ರೆ ನೀನು ಮನುಷ್ಯಳೇ ಅಲ್ಲ."

ರೆಮೇಯ್ ಟೇಪಿನ ಮೇಲೆ ಕೈಯಿಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಮನಸ್ಸು ಕರಗಿತು ಎಂದೇ ನಾನು ಅಂದುಕೊಂಡೆ. ಕರಗಲಿ ದೇವರೇ ಎಂದೂ ಅಂದುಕೊಂಡೆ.

"ಬೇರೆ ಮಾಡ್ಬೇಕಾದ್ರೆ ನೀನು ಮೊದ್ಲು ಕೇಳ್ಬೇಕು ಮಾಗ್ದಾ," ಎಂದಳು. "ಕಿವಿಗಿಟ್ಟುಕೊಂಡು, ಇದು ಅಮ್ಮಂದು, ಇದು ಅವಳದು ಅಂತ ಅವಳ ಒಂದೊಂದು ಉಸಿರನ್ನೂ ಹುಡುಕಿ ಹುಡುಕಿ ಕೇಳ್ಬೇಕು. ಇನ್ನು ಯಾರೂ ಕೇಳೋದು ಬೇಡ ಅಂತ ತಾನೆ ಅವಳು ಬಂದು ಹೇಳಿದ್ದು? ಬೇಡ. ನೀನು ಕಷ್ಟಪಡ್ಬೇಡ. ಸುತ್ತಿಗೆನೂ ನಂಗೇ ಬಿಡು, ನನ್ನ ಕೈ ಹಿಡ್ಕೊಳ್ಳೋಕೂ ಬರ್ಬೇಡ. ದೀಪದಯ್ಯ, ಇವಳನ್ನ ಕರ್ಕೊಂಡು ಹೋಗು. ಇಬ್ಬರೂ ಹೋಗ್ರಿ."